ಪರದೆಗೂ ಪುರುಸೊತ್ತು ಬೇಕು, ಮಗೂ

ಮೊನ್ನೆ ಭಾನುವಾರ ಊಟ ಮುಗಿದು ಎಲ್ಲರೂ ಪಡಸಾಲೆಗೆ ಬಂದು ಕೂತ ಮೇಲೆ ನೀನು ಲ್ಯಾಪ್‌ಟಾಪ್ ತಂದು ನನ್ನ ಮುಂದಿಟ್ಟೆ. ನಿನ್ನಜ್ಜ ಜೋಪಾನ ಮಾಡಿಕೊಂಡು ಬಂದ ಹಳೆಯ ಅಚ್ಚಿನ ಪುಸ್ತಕವನ್ನು ನೀನೇ ಪುಟಪುಟವಾಗಿ ಸ್ಕ್ಯಾನ್ ಮಾಡಿದ್ದೆ, ಒಟ್ಟು 312 ಪುಟ. ಅವನ್ನು ಟೆಸೆರಾಕ್ಟ್‌ಗೆ ಓದಿಸಿ ಕನ್ನಡ ಪಠ್ಯ ಮಾಡಿಕೊಡುವ ಪ್ರೋಗ್ರಾಮನ್ನೂ ಪೈಥಾನ್‌ನಲ್ಲಿ ಬರೆದಿದ್ದೆ. ‘ಶುರು’ ಎಂದೊಂದು ಬಟನ್, ಅದರ ಕೆಳಗೆ ಪ್ರೋಗ್ರೆಸ್ ಬಾರ್. ಉತ್ಸಾಹದಿಂದ ಬಟನ್ ಒತ್ತಿದೆ. ಒತ್ತಿದ ಬಟನ್ ಒತ್ತಿದ ಹಾಗೇ ಉಳಿಯಿತು, ಬಾರ್ ಸೊನ್ನೆ ಬಿಟ್ಟು ಕದಲಲಿಲ್ಲ. ಸ್ವಲ್ಪ ಹೊತ್ತಿಗೆ ವಿಂಡೋ ಮಂಕಾಗಿ, ಈ ಪ್ರೋಗ್ರಾಮ್ ಪ್ರತಿಕ್ರಿಯಿಸುತ್ತಿಲ್ಲ, ಕಾಯುತ್ತೀರಾ ಮುಚ್ಚಿಬಿಡಲಾ ಎಂದು ಕೇಳಿತು. ‘ಹ್ಯಾಂಗ್ ಆಯ್ತು ಅತ್ತೆ’ ಎಂದು ಮುಖ ಚಿಕ್ಕದು ಮಾಡಿಕೊಂಡೆ.

ಹ್ಯಾಂಗ್ ಆಗಿರಲಿಲ್ಲ ಕಣೋ. ಮುಚ್ಚಬೇಡ ಎಂದು ನಾನು ತಡೆದದ್ದು ಅದಕ್ಕೇ. ಕಾಫಿ, ಹರಟೆ ಎಲ್ಲ ಮುಗಿದ ಮೇಲೆ ನೋಡಿದರೆ ಬಾರ್ ಸೊನ್ನೆಯಿಂದ ನೇರ ನೂರಕ್ಕೆ ಹಾರಿತ್ತು, ಫೋಲ್ಡರಿನಲ್ಲಿ 312 ಫೈಲುಗಳೂ ಸಿದ್ಧವಾಗಿದ್ದವು. ಕೆಲಸ ಪೂರ್ತಿ ಆಗಿತ್ತು. ಆಗುತ್ತಿದೆ ಎಂದು ಹೇಳುವುದಕ್ಕೆ ಮಾತ್ರ ಅದಕ್ಕೆ ಪುರುಸೊತ್ತು ಸಿಕ್ಕಿರಲಿಲ್ಲ. ಅಷ್ಟರಲ್ಲಿ ಬಸ್ಸಿಗೆ ಹೊತ್ತಾಯಿತೆಂದು ನೀನು ಹೊರಟುಬಿಟ್ಟೆ. ಅವತ್ತು ಹೇಳಬೇಕಾಗಿದ್ದನ್ನು ಈಗ ಬರೆಯುತ್ತಿದ್ದೇನೆ. ಇದನ್ನು ಮೊದಲೇ ಯಾರಾದರೂ ನನ್ನ ಕಿವಿಯಲ್ಲಿ ಹೇಳಿದ್ದರೆ, ಹಾಲಿನ ಡೈರಿಯ ಮುಂದೆ ಒಬ್ಬ ಹೆಣ್ಣುಮಗಳು ಕಣ್ಣೀರು ಹಾಕುವ ಹಾಗೆ ಆಗುತ್ತಿರಲಿಲ್ಲ. ಆ ಕಥೆಗೆ ಆಮೇಲೆ ಬರುತ್ತೇನೆ.

ಮೊದಲು ಒಂದು ಮಾತು ಮನಸ್ಸಿನಲ್ಲಿ ಇಟ್ಟುಕೋ. ನೀನು ಬರೆ ಎಂದ ಕ್ಷಣಕ್ಕೆ ಪರದೆ ಬರೆಯುವುದಿಲ್ಲ. ನೀನು ಕೆಲಸ ಬಿಟ್ಟು ವಾಪಸು ಹೋದ ಮೇಲೆ ಬರೆಯುತ್ತದೆ.

ನಿನ್ನ ಕೋಡಿನಲ್ಲಿ ಪ್ರತಿ ಪುಟ ಮುಗಿದಾಗಲೂ ಬಾರಿಗೆ ಹೊಸ ಅಂಕಿ ಕೊಟ್ಟಿದ್ದೀಯ. ಅದು ತಪ್ಪಲ್ಲ. ಆದರೆ ಆ ಸಾಲು ಓಡಿದಾಗ ಆಗುವುದು ಇಷ್ಟೇ: ಬಾರ್ ತನ್ನೊಳಗೆ ಆ ಅಂಕಿಯನ್ನು ಗುರುತು ಹಾಕಿಕೊಳ್ಳುತ್ತದೆ, ತನ್ನ ಮೈಯ ಈ ಭಾಗ ಹಳತಾಯಿತು, ಸಮಯ ಸಿಕ್ಕಾಗ ಮತ್ತೆ ಬರೆಯಬೇಕು ಎಂದು ಒಂದು ಚೀಟಿ ಬರೆದಿಡುತ್ತದೆ. ಆ ಚೀಟಿಯನ್ನು ತೆಗೆದು ನೋಡಿ ನಿಜವಾಗಿ ಬಣ್ಣ ತುಂಬುವುದು ಈವೆಂಟ್ ಲೂಪ್. ಮೌಸಿನ ಕ್ಲಿಕ್ಕು, ಕೀಲಿಮಣೆ, ಟೈಮರು, ಫೈಲು, ವಿಂಡೋದ ಅಳತೆ ಬದಲಾದದ್ದು, ಎಲ್ಲವನ್ನೂ ಆ ಒಂದೇ ಲೂಪು, ಒಂದೇ ಥ್ರೆಡ್ಡಿನಲ್ಲಿ, ಒಂದಾದ ಮೇಲೊಂದು ನೋಡುತ್ತದೆ. ನಿನ್ನ ‘ಶುರು’ ಬಟನ್ ಒತ್ತಿದಾಗ ಓಡಬೇಕಾದ ಕೋಡನ್ನು, ಅಂದರೆ ಅದರ ಕಾಲ್‌ಬ್ಯಾಕನ್ನು, ಕರೆದದ್ದೂ ಅದೇ. ನೀನು ಆ ಕಾಲ್‌ಬ್ಯಾಕಿನ ಒಳಗೇ 312 ಪುಟದ ಫಾರ್ ಲೂಪ್ ಇಟ್ಟೆ. ಕರೆದವನು ಬಾಗಿಲಲ್ಲಿ ಕಾಯುತ್ತ ನಿಂತ, ನೀನು ಒಳಗೆ ಕೂತು ಇಡೀ ಪುಸ್ತಕ ಓದಿದೆ. 312 ಸಲ ಬರೆದ ಚೀಟಿ ಮೇಜಿನ ಮೇಲೆ ಒಂದೇ ಚೀಟಿಯಾಗಿ ಬಿದ್ದಿತ್ತು. ಕೊನೆಗೆ ನೀನು ಹೊರಬಂದಾಗ ಅವನು ಅದನ್ನು ತೆಗೆದು ನೋಡಿದ, ನೂರು ಎಂದಿತ್ತು, ನೂರು ಎಂದು ಬರೆದ.

ಹಳ್ಳಿಯ ಅಂಚೆ ಕಚೇರಿ ನೆನಪಿಸಿಕೋ, ಒಬ್ಬರೇ ಪೋಸ್ಟ್ ಮಾಸ್ತರರು ಇರುವಂಥದ್ದು. ಕಿಟಕಿಯಲ್ಲಿ ಜನ ನಿಂತರೆ ಮೊದಲು ಅವರಿಗೆ ಸ್ಟಾಂಪು, ಮನಿಯಾರ್ಡರು. ಕಿಟಕಿ ಖಾಲಿಯಾದರೆ ಟಪಾಲು ವಿಂಗಡಣೆ. ಅದೂ ಮುಗಿದರೆ ಹೊರಗಿನ ಹಲಗೆಯಲ್ಲಿ ಇವತ್ತಿನ ಸೂಚನೆ. ಅದಾದ ಮೇಲೂ ಹೊತ್ತಿದ್ದರೆ ಹಳೆಯ ರಿಜಿಸ್ಟರು ಜೋಡಿಸುವುದು. ಕಿಟಕಿಯಲ್ಲಿ ಒಬ್ಬರು ನಿಂತಿರುವವರೆಗೂ ಹಲಗೆಗೆ ಸೀಮೆಸುಣ್ಣ ಮುಟ್ಟುವುದಿಲ್ಲ. ಇದು ನಾನು ಕಟ್ಟಿದ ಹೋಲಿಕೆಯಾದರೂ ವಿಂಡೋ, ಬಟನ್ ಕಟ್ಟಲು ನೀನು ಬಳಸುತ್ತಿರುವ ಜಿಟಿಕೆ ಲೈಬ್ರರಿಯ ಒಳಗೆ ಇರುವುದು ಹೆಚ್ಚುಕಡಿಮೆ ಇದೇ ಪಟ್ಟಿ, ಅದೂ ಅಂಕಿಗಳ ಸಮೇತ.

ಅಂಕಿಗಳನ್ನು ಬಾಯಿಪಾಠ ಮಾಡಿಕೊಂಡರೂ ನಷ್ಟವಿಲ್ಲ. ಜಿಟಿಕೆಯ ಕೆಳಗೆ ಇರುವ ಜಿಲಿಬ್‌ನಲ್ಲಿ ಪ್ರತಿ ಕೆಲಸದ ಮೂಲಕ್ಕೂ ಒಂದು ಆದ್ಯತೆಯ ಅಂಕಿ ಇರುತ್ತದೆ. ಅಂಕಿ ಚಿಕ್ಕದಾದಷ್ಟೂ ಸರದಿ ಮುಂದೆ. ಯೂನಿಕ್ಸಿನ ನೈಸ್ ಅಂಕಿಯ ಹಾಗೆಯೇ ಇದೂ ತಿರುಗುಮುರುಗು, ಶುರುವಿನಲ್ಲಿ ಎಲ್ಲರೂ ಎಡವುತ್ತಾರೆ. ತೀರಾ ತುರ್ತಿನದು ಮೈನಸ್ 100. ಕ್ಲಿಕ್ಕು, ಕೀಲಿ, ಸಾಮಾನ್ಯ ಟೈಮರು, ಫೈಲು ಅಥವಾ ಪೋರ್ಟಿನಿಂದ ಬರುವ ಮಾಹಿತಿ, ಇವೆಲ್ಲ 0. ಪುರುಸೊತ್ತಿನ ಕೆಲಸಗಳಲ್ಲಿ ಮೇಲ್ದರ್ಜೆಯದು 100. ವಿಂಡೋದೊಳಗೆ ಯಾವುದು ಎಷ್ಟು ಅಗಲ, ಎಲ್ಲಿ ಕೂರಬೇಕು ಎಂದು ಅಳೆಯುವುದು 110. ಪರದೆಯನ್ನು ಮತ್ತೆ ಬರೆಯುವುದು 120. ನೀನು ಐಡಲ್ ಎಂದು ಸುಮ್ಮನೆ ಸೇರಿಸಿದ ಕೆಲಸ 200. ಎಲ್ಲಕ್ಕಿಂತ ಹಿಂದಿನದು 300.

110 ಆದ ಮೇಲೆ 120 ಬರುವುದು ಆಕಸ್ಮಿಕವಲ್ಲ. ಅಳತೆ ಗೊತ್ತಾಗದೆ ಬರೆದರೆ ಬರೆದದ್ದನ್ನೇ ಮತ್ತೆ ಬರೆಯಬೇಕಾಗುತ್ತದೆ. ಪರದೆ ಬರೆಯುವುದನ್ನು ಕ್ಲಿಕ್ಕುಗಳ ಹಿಂದೆ ಇಟ್ಟದ್ದಕ್ಕೂ ಕಾರಣವಿದೆ. ಒಂದು ಕೀಲಿ ಒತ್ತಿದಾಗ ಹತ್ತು ಕಡೆ ಬದಲಾವಣೆ ಆಗಬಹುದು. ಒಂದೊಂದಕ್ಕೂ ಒಂದೊಂದು ಸಲ ಬರೆಯುವ ಬದಲು ಎಲ್ಲ ಬದಲಾವಣೆ ಒಟ್ಟಾದ ಮೇಲೆ ಒಂದೇ ಸಲ ಬರೆದರೆ ಸಾಕು. ವಿಂಡೋಸ್ ಕಟ್ಟಿದವರೂ ಇದನ್ನೇ ಮಾಡಿದ್ದರು. ಅಲ್ಲಿ ಪೇಂಟ್ ಸಂದೇಶ ಕೈಗೆ ಬರುವುದು ಸಾಲಿನಲ್ಲಿ ಬೇರೆ ಸಂದೇಶಗಳು ಉಳಿಯದಿದ್ದಾಗ, ಹಾಳಾದ ಜಾಗಗಳೆಲ್ಲ ಸೇರಿ ಒಂದೇ ಸಂದೇಶವಾಗಿ. ಬೇರೆ ಬೇರೆ ಜನ, ಬೇರೆ ಬೇರೆ ಊರಿನಲ್ಲಿ ಕೂತು ಒಂದೇ ತೀರ್ಮಾನಕ್ಕೆ ಬಂದಿದ್ದಾರೆ ಎಂದರೆ ಅದರಲ್ಲಿ ಹುರುಳಿದೆ.

ಈಗ ಎಚ್ಚರ ಬೇಕಾದ ಜಾಗ. ಲೂಪು ಪ್ರತಿ ಸುತ್ತಿನಲ್ಲಿ ಸಿದ್ಧವಾಗಿರುವವುಗಳಲ್ಲಿ ಅತಿ ಮುಂದಿನ ಅಂಕಿ ಯಾವುದು ಎಂದು ನೋಡುತ್ತದೆ, ಆ ಅಂಕಿಯವರನ್ನು ಮಾತ್ರ ಕರೆಯುತ್ತದೆ. ಹಿಂದಿನವರನ್ನು ಆ ಸುತ್ತಿನಲ್ಲಿ ಮುಟ್ಟುವುದೇ ಇಲ್ಲ. ತುಂಬಾ ಹೊತ್ತಿನಿಂದ ಕಾಯುತ್ತಿದ್ದಾರೆ ಪಾಪ ಎಂದು ಯಾರನ್ನೂ ಮುಂದಕ್ಕೆ ಕರೆದುಕೊಳ್ಳುವ ಏರ್ಪಾಡು ಅದರಲ್ಲಿಲ್ಲ. 0 ಅಂಕಿಯ ಕೆಲಸ ಮುಗಿಯುವಷ್ಟರಲ್ಲಿ ಇನ್ನೊಂದು 0 ಸಿದ್ಧವಾಗಿ ನಿಂತರೆ, ಅದು ಮುಗಿಯುವಷ್ಟರಲ್ಲಿ ಮತ್ತೊಂದು, ಹೀಗೆ ಇಡೀ ದಿನ ನಡೆದರೂ 120ರ ಪರದೆ ಉಪವಾಸವೇ.

ಈ ಉಪವಾಸವನ್ನು ನಾನು ಕಣ್ಣಾರೆ ಕಂಡದ್ದು 2006ರ ಸುಮಾರಿಗೆ, ಒಂದು ಹಳ್ಳಿಯ ಹಾಲಿನ ಡೈರಿಯಲ್ಲಿ. ಹಾಲು ಹಾಕಲು ಬಂದವರಿಗೆ ತೂಕ ಕಾಣಲಿ ಎಂದು ಒಂದು ಸ್ಕ್ರೀನನ್ನು ಅವರ ಕಡೆಗೆ ತಿರುಗಿಸಿ ಇಡುವ ಯೋಜನೆ. ಅದರ ಪ್ರೋಗ್ರಾಮನ್ನು ನಾನು ಸಿ ಭಾಷೆಯಲ್ಲಿ, ಜಿಟಿಕೆ 2 ಇಟ್ಟುಕೊಂಡು ಬರೆದಿದ್ದೆ. ಎಲೆಕ್ಟ್ರಾನಿಕ್ ತಕ್ಕಡಿ ಸೀರಿಯಲ್ ಪೋರ್ಟಿನ ಮೂಲಕ ಸೆಕೆಂಡಿಗೆ ಹತ್ತಾರು ಸಲ ತೂಕ ಕಳಿಸುತ್ತಿತ್ತು. ಒಂದೊಂದು ತೂಕ ಬಂದಾಗಲೂ ನನ್ನ ಕಾಲ್‌ಬ್ಯಾಕ್ ಅದನ್ನು ಬಿಡಿಸಿ ಓದಿ, ಫೈಲಿಗೆ ಬರೆದು, ಕರೆಂಟು ಹೋದರೂ ಲೆಕ್ಕ ಉಳಿಯಲಿ ಎಂದು ಡಿಸ್ಕಿಗೆ ಮುಟ್ಟುವವರೆಗೂ ಕಾದು, ಆಮೇಲೆ ಸ್ಕ್ರೀನಿಗೆ ಹೊಸ ಅಂಕಿ ಕೊಡುತ್ತಿತ್ತು. ನಮ್ಮ ಆಫೀಸಿನ ಮೇಜಿನ ಮೇಲೆ ಎರಡು ಕೆಜಿ ಕಲ್ಲಿಟ್ಟು, ತೆಗೆದು ಪರೀಕ್ಷೆ ಮಾಡಿದಾಗ ಎಲ್ಲ ಸರಿಯಾಗಿತ್ತು.

ಡೈರಿಯಲ್ಲಿದ್ದದ್ದು ಹಳೆಯ ಕಂಪ್ಯೂಟರು, ನಿಧಾನದ ಡಿಸ್ಕು. ಬೆಳಿಗ್ಗೆ ಆರಕ್ಕೆ ಜನ ಕ್ಯಾನು ಹಿಡಿದು ಸಾಲು ನಿಂತರು. ಒಂದು ತೂಕವನ್ನು ಬರೆದು ಮುಗಿಸುವಷ್ಟರಲ್ಲಿ ಮುಂದಿನ ತೂಕ ಪೋರ್ಟಿನಲ್ಲಿ ಕಾಯುತ್ತಿತ್ತು. ಪೋರ್ಟಿನ ಅಂಕಿ 0, ಸ್ಕ್ರೀನಿನ ಅಂಕಿ 120. ತಕ್ಕಡಿ ಖಾಲಿಯಾಗಿ ತೂಕ ಕಳಿಸುವುದನ್ನು ನಿಲ್ಲಿಸಿದಾಗ ಮಾತ್ರ ಸ್ಕ್ರೀನಿಗೆ ಉಸಿರು ಬರುತ್ತಿತ್ತು. ಅಲ್ಲಿಯವರೆಗೆ ಹಿಂದಿನವರ ತೂಕವೇ ಹಾಗೇ ನಿಂತಿರುತ್ತಿತ್ತು. ಒಬ್ಬ ಹೆಣ್ಣುಮಗಳು ಹಾಲು ಸುರಿದು ತಲೆಯೆತ್ತಿ ನೋಡಿದಳು. ಸ್ಕ್ರೀನಿನಲ್ಲಿ ಅವಳಿಗಿಂತ ಮೊದಲು ಹಾಲು ಹಾಕಿದವರ ತೂಕ, ಅವಳ ಹಾಲಿಗಿಂತ ಕಡಿಮೆ. ‘ಇದು ನನ್ನ ಹಾಲಿನ ಲೆಕ್ಕ ಅಲ್ಲ’ ಎಂದಳು. ಡೈರಿಯ ಸೆಕ್ರೆಟರಿ ತನ್ನ ಪುಸ್ತಕ ತೋರಿಸಿದರೂ ಅವಳಿಗೆ ನಂಬಿಕೆ ಬರಲಿಲ್ಲ. ಯಾಕೆ ಬರಬೇಕು? ಎಲ್ಲರಿಗೂ ಕಾಣಲಿ ಎಂದು ಇಟ್ಟ ಸ್ಕ್ರೀನು ಬೇರೆಯದನ್ನೇ ಹೇಳುತ್ತಿದೆಯಲ್ಲ. ಫೈಲಿನಲ್ಲಿ ಅವಳ ತೂಕ ಗ್ರಾಂ ಲೆಕ್ಕದಲ್ಲಿ ಸರಿಯಾಗಿತ್ತು. ಆದರೆ ಅವಳು ಫೈಲು ಓದುವವಳಲ್ಲ. ಅವಳ ಪಾಲಿಗೆ ಪ್ರೋಗ್ರಾಮ್ ಎಂದರೆ ಆ ಸ್ಕ್ರೀನೇ. ಬೆಳಗಿನ ಜಾವ ಎದ್ದು ಕರೆದು ತಂದ ಹಾಲಿಗೆ ಮೋಸ ಆಯಿತು ಎಂದು ಅವಳ ಕಣ್ಣು ತುಂಬಿದ್ದನ್ನು ನಾನು ಇವತ್ತಿಗೂ ಮರೆತಿಲ್ಲ.

ಅವತ್ತು ಅಲ್ಲೇ ಕೂತು ನಾನು ಮಾಡಿದ ಮೊದಲ ರಿಪೇರಿ ತಪ್ಪಾಗಿತ್ತು. ಅದನ್ನೂ ಹೇಳುತ್ತೇನೆ, ಯಾಕೆಂದರೆ ನಿನಗೂ ಮೊದಲು ಅದೇ ಹೊಳೆಯುತ್ತದೆ. ಸ್ಕ್ರೀನಿಗೆ ಸರದಿ ಬರುತ್ತಿಲ್ಲ ತಾನೇ, ಹಾಗಾದರೆ ಪ್ರತಿ ತೂಕ ಬಂದಾಗಲೂ ಅಲ್ಲೇ, ಆಗಲೇ ಬರೆ ಎಂದು ಬಲವಂತ ಮಾಡೋಣ ಎಂದುಕೊಂಡೆ. ಹಾಗೆ ಮಾಡುವ ಕರೆ ಜಿಟಿಕೆ 2ರಲ್ಲಿ ಇತ್ತು. ಅಂಕಿ ಕದಲಿತು, ಜನರಿಗೂ ಸಮಾಧಾನವಾಯಿತು. ಎರಡು ನಿಮಿಷ ನೋಡಿದ ಮೇಲೆ ನನಗೆ ಎದೆ ಧಸಕ್ಕೆಂದಿತು. ಕ್ಯಾನು ಕೆಳಗಿಳಿಸಿ ಆಗಿದ್ದರೂ ಸ್ಕ್ರೀನಿನಲ್ಲಿ ತೂಕ ಇನ್ನೂ ಏರುತ್ತಿತ್ತು! ಒಂದೊಂದು ತೂಕಕ್ಕೆ ಡಿಸ್ಕಿನ ಹೊತ್ತಿನ ಜೊತೆಗೆ ಬರೆಯುವ ಹೊತ್ತೂ ಸೇರಿ, ಪೋರ್ಟಿನಲ್ಲಿ ಹಳೆಯ ತೂಕಗಳು ರಾಶಿ ಬಿದ್ದಿದ್ದವು. ಸ್ಕ್ರೀನು ಆ ರಾಶಿಯನ್ನು ಒಂದೂ ಬಿಡದೆ, ಶ್ರದ್ಧೆಯಿಂದ, ಕೆಲವು ಸೆಕೆಂಡು ತಡವಾಗಿ ತೋರಿಸುತ್ತಿತ್ತು. ಮೊದಲು ನಿಂತಿದ್ದ ಸ್ಕ್ರೀನಾದರೂ ಹಾಳಾಗಿದೆ ಎಂದು ನೋಡಿದವರಿಗೆ ಗೊತ್ತಾಗುತ್ತಿತ್ತು. ಈಗ ಅದು ಓಡುತ್ತಲೇ ಹಳೆಯದನ್ನು ಹೇಳುತ್ತಿತ್ತು. ಇದು ಇನ್ನೂ ಕೆಟ್ಟದ್ದು.

ನನ್ನ ಪೋರ್ಟಿನ ಕೆಲಸದ ಅಂಕಿಯನ್ನು 0ಯಿಂದ 150ಕ್ಕೆ ತಳ್ಳಿದರೆ ಸ್ಕ್ರೀನು ಮುಂದೆ ಬರುತ್ತದಲ್ಲ ಎಂದು ನೀನು ಕೇಳಬಹುದು. ಬರುತ್ತದೆ. ಆದರೆ ಸಾಲಿನಲ್ಲಿ ಹಿಂದೆ ನಿಂತ ಮಾತ್ರಕ್ಕೆ ಹೊತ್ತ ಮೂಟೆ ಹಗುರಾಗುವುದಿಲ್ಲ. ಪೋರ್ಟಿನ ರಾಶಿ ಹಾಗೇ ಬೆಳೆಯುತ್ತದೆ. ಕೊನೆಗೆ ಸರಿಹೋದದ್ದು ಕೆಲಸವನ್ನೇ ಕಡಿಮೆ ಮಾಡಿದಾಗ. ಪೋರ್ಟಿನಲ್ಲಿ ಬಂದು ಬಿದ್ದಿರುವುದನ್ನೆಲ್ಲ ಒಟ್ಟಿಗೆ ಓದಿ, ಕೊನೆಯ ತೂಕ ಒಂದನ್ನು ಇಟ್ಟುಕೊಂಡು ಉಳಿದದ್ದನ್ನು ಬಿಟ್ಟುಬಿಡುವುದು. ಡಿಸ್ಕಿಗೆ ಬರೆಯುವುದು ತೂಕ ಅಲುಗಾಡದೆ ನಿಂತ ಮೇಲೆ, ಒಬ್ಬರಿಗೆ ಒಂದೇ ಸಲ. ಸ್ಕ್ರೀನಿಗೆ ನೀನು ಹಳತಾದೆ ಎಂದಷ್ಟೇ ಹೇಳಿ ಹೊರಟುಬಿಡುವುದು. ಕಾಲ್‌ಬ್ಯಾಕ್ ಆಗ ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತಿತ್ತು, ಲೂಪಿಗೆ ಧಾರಾಳ ಪುರುಸೊತ್ತು ಸಿಗುತ್ತಿತ್ತು, ಬಲವಂತದ ಕರೆ ಬೇಕೇ ಆಗಲಿಲ್ಲ. ಸುರಿದ ಹಾಲಿನ ಜೊತೆಜೊತೆಗೆ ಅಂಕಿ ಏರಿತು. ಆ ಹೆಣ್ಣುಮಗಳು ಮರುದಿನ ಹಾಲು ಹಾಕುವಾಗ ನಾನು ಅಲ್ಲೇ ನಿಂತು ಅವಳ ಕಣ್ಣನ್ನೇ ನೋಡಿದೆ. ಅವಳು ಒಮ್ಮೆ ಕ್ಯಾನು, ಒಮ್ಮೆ ಸ್ಕ್ರೀನು ನೋಡಿ ಚೀಟಿ ತೆಗೆದುಕೊಂಡು ಹೋದಳು.

ನಿನ್ನ ಪ್ರೋಗ್ರಾಮಿಗೆ ವಾಪಸು ಬರೋಣ. ಹೊರಡುವಾಗ ಬಾಗಿಲಲ್ಲಿ ನಿಂತು ನೀನೊಂದು ಉಪಾಯ ಹೇಳಿದೆ: ಫಾರ್ ಲೂಪಿನ ಒಳಗೆ, ಬಾಕಿ ಇರುವ ಈವೆಂಟುಗಳನ್ನೆಲ್ಲ ಮುಗಿಸು ಎಂಬ ಎರಡು ಸಾಲು ಸೇರಿಸಿದರೆ ಬಾರ್ ಓಡುತ್ತದೆ ಎಂದು. ಓಡುತ್ತದೆ, ಹೌದು. ನಮ್ಮ ಕಾಲದಲ್ಲಿ ವಿಶುವಲ್ ಬೇಸಿಕ್‌ನಲ್ಲಿ ಅದಕ್ಕೆ ಡು ಈವೆಂಟ್ಸ್ ಎನ್ನುತ್ತಿದ್ದೆವು, ಕ್ಯೂಟಿಯಲ್ಲಿ ಪ್ರೋಸೆಸ್ ಈವೆಂಟ್ಸ್ ಎನ್ನುತ್ತಾರೆ. ಅದನ್ನು ಮಾತ್ರ ಮಾಡಬೇಡ. ನೀನಿನ್ನೂ ಬಟನ್ನಿನ ಕಾಲ್‌ಬ್ಯಾಕಿನ ಒಳಗೇ ಇದ್ದೀಯ, ಅದರೊಳಗಿಂದ ಮತ್ತೆ ಲೂಪನ್ನು ಓಡಿಸುತ್ತಿದ್ದೀಯ. ಆಗ ಯಾರಾದರೂ ‘ಶುರು’ ಬಟನ್ನನ್ನು ಇನ್ನೊಂದು ಸಲ ಒತ್ತಿದರೆ? 40ನೆಯ ಪುಟದ ಹೊಟ್ಟೆಯೊಳಗೆ ಮತ್ತೆ 1ನೆಯ ಪುಟ ಶುರುವಾಗುತ್ತದೆ, ಅದು 312 ಮುಟ್ಟುವವರೆಗೆ ಈ 40 ಅಲ್ಲೇ ಕಾಯುತ್ತದೆ. ವಿಂಡೋ ಮುಚ್ಚಿದರೆ? ಇಲ್ಲದ ಬಾರಿಗೆ ನಿನ್ನ ಕೋಡು ಅಂಕಿ ಕೊಡಲು ಹೋಗುತ್ತದೆ. ಇಂಥ ತಪ್ಪುಗಳು ಹತ್ತರಲ್ಲಿ ಒಂದು ಸಲ ಮಾತ್ರ ತಲೆಯೆತ್ತುತ್ತವೆ, ಹಾಗಾಗಿಯೇ ಹುಡುಕುವುದಕ್ಕೆ ವಾರಗಟ್ಟಲೆ ಹಿಡಿಯುತ್ತದೆ. 2020ರ ಡಿಸೆಂಬರಿನಲ್ಲಿ ಬಂದ ಜಿಟಿಕೆ 4ರಲ್ಲಿ ಆ ಎರಡು ಕರೆಗಳನ್ನು ತೆಗೆದೇ ಹಾಕಿದ್ದಾರೆ. ನನಗೆ ಅದು ತುಂಬಾ ಒಳ್ಳೆಯ ನಿರ್ಧಾರ ಅನಿಸುತ್ತದೆ.

ಇನ್ನೊಂದು ದಾರಿಯೆಂದರೆ ಫಾರ್ ಲೂಪನ್ನು ಒಡೆದು, ಪುಟಕ್ಕೊಂದು ಸಲ ಐಡಲ್ ಆಗಿ ಓಡಿಸುವುದು. ಪುಸ್ತಕಗಳಲ್ಲಿ ಇದೇ ಸಿಗುತ್ತದೆ, ಹಲವು ಕೆಲಸಗಳಿಗೆ ಇದು ಚೆನ್ನಾಗಿಯೇ ಹೊಂದುತ್ತದೆ. ನಿನ್ನ ಐಡಲ್ ಕಾಲ್‌ಬ್ಯಾಕ್ ‘ನಿಜ’ ಎಂದು ಉತ್ತರ ಕೊಟ್ಟರೆ ಮತ್ತೆ ಕರೆಯುತ್ತಾರೆ, ‘ಸುಳ್ಳು’ ಎಂದರೆ ಪಟ್ಟಿಯಿಂದ ತೆಗೆಯುತ್ತಾರೆ. ಪೈಥಾನ್‌ನಲ್ಲಿ ಉತ್ತರ ಕೊಡುವುದನ್ನು ಮರೆತರೆ ಅದೂ ಸುಳ್ಳಿನ ಲೆಕ್ಕವೇ, ಒಂದೇ ಪುಟಕ್ಕೆ ಕೆಲಸ ನಿಂತುಹೋಗುತ್ತದೆ. 200ರಲ್ಲಿ ಇಟ್ಟರೆ ಪರದೆಯ ಹಿಂದೆ ನಿಂತ ಹಾಗಾಯಿತು, ಒಳ್ಳೆಯದು. ಬೇಗ ಮುಗಿಯಲಿ ಎಂದು 100ರಲ್ಲಿ ಇಟ್ಟೆಯೋ, 110ಕ್ಕೂ 120ಕ್ಕೂ ಅಡ್ಡ ನಿಂತೆ, ಬಾರ್ ಮತ್ತೆ ಸೊನ್ನೆಯಲ್ಲೇ. ಒಂದು ಮಿಲಿಸೆಕೆಂಡಿನ ಟೈಮರ್ ಇಟ್ಟು ಅದರಲ್ಲಿ ಕೆಲಸ ಮಾಡಿಸುವವರೂ ಇದ್ದಾರೆ. ಟೈಮರಿನ ಅಂಕಿ 0 ಎನ್ನುವುದನ್ನು ಅವರು ಮರೆತಿರುತ್ತಾರೆ.

ಆದರೆ ಅಂಕಿ ಎಷ್ಟೇ ಹಿಂದಿನದಾಗಿರಲಿ, ಒಮ್ಮೆ ನಿನ್ನ ಕಾಲ್‌ಬ್ಯಾಕ್ ಒಳಗೆ ಹೋಯಿತೆಂದರೆ ಅದನ್ನು ಮಧ್ಯದಲ್ಲಿ ಯಾರೂ ಎಬ್ಬಿಸುವುದಿಲ್ಲ. ಆದ್ಯತೆ ಎನ್ನುವುದು ಮುಂದೆ ಯಾರನ್ನು ಕರೆಯಬೇಕು ಎಂಬುದನ್ನು ತೀರ್ಮಾನಿಸುತ್ತದೆ, ಒಳಗೆ ಇರುವವರನ್ನು ಹೊರಗೆ ಕಳಿಸುವ ಅಧಿಕಾರ ಅದಕ್ಕಿಲ್ಲ. ಇದು ಗೊತ್ತಿಲ್ಲದೆ, ಆದ್ಯತೆ 300 ಕೊಟ್ಟಿದ್ದೇನೆ, ಆದರೂ ವಿಂಡೋ ಯಾಕೆ ನಿಲ್ಲುತ್ತದೆ ಎಂದು ತಲೆ ಕೆಡಿಸಿಕೊಂಡವರನ್ನು ನಾನು ಎಷ್ಟು ಜನ ನೋಡಿದ್ದೇನೋ. ಸಾಧಾರಣ ಪರದೆ ಸೆಕೆಂಡಿಗೆ 60 ಸಲ ಹೊಸತಾಗುತ್ತದೆ, ಅಂದರೆ ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ 16 ಮಿಲಿಸೆಕೆಂಡು ಚಿಲ್ಲರೆ. ಈಗಿನ ಕೆಲವು ಫೋನು, ಲ್ಯಾಪ್‌ಟಾಪುಗಳಲ್ಲಿ 120 ಸಲ, ಅಲ್ಲಿ ಸಿಗುವುದು 8 ಚಿಲ್ಲರೆ. ಅಳೆಯುವುದು, ಬರೆಯುವುದು ಎಲ್ಲ ಅದರೊಳಗೇ ಆಗಬೇಕು, ನಿನ್ನ ಪಾಲಿಗೆ ಉಳಿಯುವುದು ಅದರಲ್ಲೂ ಒಂದು ಚೂರು. ಟೆಸೆರಾಕ್ಟ್ ಒಂದು ಹಳೆಯ ಪುಟ ಓದುವುದಕ್ಕೆ ಅವತ್ತು ಸೆಕೆಂಡುಗಳೇ ಹಿಡಿಯುತ್ತಿತ್ತು. ಪುಟಕ್ಕೊಂದು ಐಡಲ್ ಮಾಡಿದರೆ ಬಾರೇನೋ ಪುಟಪುಟಕ್ಕೂ ಕದಲುತ್ತದೆ, ಆದರೆ ನಡುವೆ ವಿಂಡೋ ಎಳೆಯಲು ಹೋದರೆ ಅಲುಗಾಡುವುದಿಲ್ಲ, ‘ನಿಲ್ಲಿಸು’ ಒತ್ತಿದರೆ ಕೇಳಿಸುವುದಿಲ್ಲ.

ಹಾಗಾಗಿ ನಿನ್ನ ಈ ಕೆಲಸಕ್ಕೆ ನಾನು ಹೇಳುವುದು ಇದು. ಪುಟ ಓದುವುದನ್ನು ಲೂಪಿನಿಂದ ಪೂರ್ತಿ ಹೊರಗೆ ಹಾಕು. ನೀನು ಬಳಸಿದ ಪೈಟೆಸೆರಾಕ್ಟ್ ಹೇಗೂ ಒಳಗಿಂದ ಟೆಸೆರಾಕ್ಟನ್ನು ಬೇರೆ ಪ್ರೋಸೆಸ್ ಆಗಿಯೇ ಓಡಿಸುತ್ತದೆ, ಆಮೇಲೆ ಅದು ಮುಗಿಯುವವರೆಗೂ ನಿನ್ನನ್ನು ಹಿಡಿದು ನಿಲ್ಲಿಸುತ್ತದೆ. ಆ ಕಾಯುವಿಕೆಯೇ ನಿನ್ನ ವಿಂಡೋವನ್ನು ಕಟ್ಟಿಹಾಕಿದ್ದು. ಅದರ ಬದಲು ಜಿಲಿಬ್ ಜೊತೆಗೇ ಬರುವ ಜಿಐಒದ ಸಬ್‌ಪ್ರೋಸೆಸ್ ಬಳಸು. ಈ ಪುಟ ಓದು, ಮುಗಿದಾಗ ನನ್ನನ್ನು ಕರೆ ಎಂದು ಹೇಳಿ ತಕ್ಷಣ ವಾಪಸು ಬಾ. ಮುಗಿದಾಗ ಲೂಪೇ ನಿನ್ನ ಕಾಲ್‌ಬ್ಯಾಕನ್ನು ಕರೆಯುತ್ತದೆ. ಅಲ್ಲಿ ಪಠ್ಯ ತೆಗೆದುಕೊಂಡು, ಬಾರಿಗೆ ಅಂಕಿ ಕೊಟ್ಟು, ಮುಂದಿನ ಪುಟ ಶುರುಮಾಡಿ ಹೊರಡು. ಉತ್ಸಾಹದಲ್ಲಿ 312 ಪುಟಗಳನ್ನೂ ಒಟ್ಟಿಗೆ ಬಿಡಬೇಡ, ಲ್ಯಾಪ್‌ಟಾಪ್ ಕುದಿಯುತ್ತದೆ. ಒಂದಾದ ಮೇಲೊಂದು, ಹೆಚ್ಚೆಂದರೆ ಎರಡು. ‘ನಿಲ್ಲಿಸು’ ಬಟನ್ ಇಡುವಾಗ ಒಂದು ಸೂಕ್ಷ್ಮ ಗಮನಿಸು: ಕಾಯುವುದನ್ನು ರದ್ದು ಮಾಡಿದರೆ ಕಾಯುವುದು ಮಾತ್ರ ನಿಲ್ಲುತ್ತದೆ, ಟೆಸೆರಾಕ್ಟ್ ಓಡುತ್ತಲೇ ಇರುತ್ತದೆ. ಅದನ್ನು ನಿಲ್ಲಿಸಲು ಪ್ರೋಸೆಸ್ಸಿಗೇ ಬೇರೆಯಾಗಿ ಹೇಳಬೇಕು.

ಮುಂದೆ ಎಂದಾದರೂ ಥ್ರೆಡ್ಡು ಬಳಸುವ ಸಂದರ್ಭ ಬಂದರೆ, ಥ್ರೆಡ್ಡಿನ ಒಳಗಿಂದ ಬಾರ್, ಬಟನ್, ಲೇಬಲ್ ಯಾವುದನ್ನೂ ಮುಟ್ಟಬೇಡ. ಜಿಟಿಕೆಯ ಸಾಮಾನುಗಳನ್ನೆಲ್ಲ ಮುಟ್ಟುವುದು ಲೂಪಿರುವ ಥ್ರೆಡ್ಡು ಮಾತ್ರ. ಉಳಿದವರು ಐಡಲ್ ಚೀಟಿ ಬರೆದು ಅದರ ಕೈಗೆ ಕೊಡಬೇಕು. ಕೊಡುವಾಗಲೂ ಡೈರಿಯ ತಕ್ಕಡಿ ನೆನಪಿರಲಿ. ಸಾವಿರ ಸಣ್ಣ ಕೆಲಸ ಮುಗಿದಾಗ ಸಾವಿರ ಚೀಟಿ ಕೊಡಬೇಡ. ಹಿಂದೆ ಕೊಟ್ಟ ಚೀಟಿ ಇನ್ನೂ ತೆರೆದಿಲ್ಲವಾದರೆ ಹೊಸದು ಬರೆಯದೆ ಒಳಗಿನ ಅಂಕಿಯನ್ನಷ್ಟೇ ಬದಲಿಸು.

ಓದಿದ ಪಠ್ಯವನ್ನು ಪಕ್ಕದ ಪೆಟ್ಟಿಗೆಯಲ್ಲಿ ತೋರಿಸಬೇಕೆಂದಿದ್ದೆಯಲ್ಲ. ಅಲ್ಲಿ ಕನ್ನಡದ್ದೇ ಒಂದು ಮಾತಿದೆ. ‘ಸ್ತ್ರೀ’ ಎಂದು ಪರದೆಯಲ್ಲಿ ಮೂಡಬೇಕಾದರೆ ಹಾರ್ಫ್‌ಬಜ್ ಎಂಬ ಲೈಬ್ರರಿ ವ್ಯಂಜನ, ಒತ್ತು, ಸ್ವರಚಿಹ್ನೆಗಳನ್ನು ನೋಡಿ ಯಾವುದು ಯಾರ ಕೆಳಗೆ, ಯಾರ ಪಕ್ಕ ಕೂರಬೇಕು ಎಂದು ಹೊಂದಿಸಬೇಕು. ಅದನ್ನು ಸಾಲಾಗಿ ಜೋಡಿಸುವುದು ಪಾಂಗೊ. ಗ್ರೀಕಿನ ‘ಎಲ್ಲ’ ಎಂಬ ಪದಕ್ಕೂ ಜಪಾನಿಯ ‘ಭಾಷೆ’ ಎಂಬ ಪದಕ್ಕೂ ಗಂಟು ಹಾಕಿ ಇಟ್ಟ ಹೆಸರು ಅದು, ನನಗೆ ಬಹಳ ಇಷ್ಟ. ಎಲ್ಲ ಭಾಷೆಗಳಲ್ಲಿ ನಮ್ಮದೂ ಇದೆ. ಈ ಕೆಲಸಕ್ಕೆ ಹೊತ್ತು ಬೇಕು. 312 ಪುಟದ ಸಾಲುಗಳನ್ನೆಲ್ಲ ಒಂದೇ ಸಲ ಅಳೆಯಲು ಕೂತರೆ ವಿಂಡೋ ಮತ್ತೆ ಕಲ್ಲಾಗುತ್ತದೆ. ಅದಕ್ಕೇ ಜಿಟಿಕೆಯ ಪಠ್ಯದ ಪೆಟ್ಟಿಗೆ ಸಾಲುಗಳನ್ನು ಹಿನ್ನೆಲೆಯಲ್ಲಿ ಸ್ವಲ್ಪಸ್ವಲ್ಪವೇ ಅಳೆಯುತ್ತದೆ. ಆ ಕೆಲಸಕ್ಕೆ ಅದನ್ನು ಕಟ್ಟಿದವರು ಕೊಟ್ಟ ಅಂಕಿ ಎಷ್ಟು ಗೊತ್ತಾ? 125. ಪರದೆಯ 120ಕ್ಕಿಂತ ಐದು ಹೆಜ್ಜೆ ಹಿಂದೆ. ಲೈಬ್ರರಿ ಅವರದೇ, ಯಾವ ಅಂಕಿ ಬೇಕಾದರೂ ಇಟ್ಟುಕೊಳ್ಳಬಹುದಿತ್ತು. ಮೊದಲು ನೋಡುವವರಿಗೆ ಕಾಣಲಿ, ನಮ್ಮ ಅಳತೆ ಆಮೇಲೆ ಎಂದು ಹಿಂದೆ ನಿಂತರು. ನನಗೆ ಮೊದಲ ಸಲ ಆ ಸಾಲು ಕಣ್ಣಿಗೆ ಬಿದ್ದಾಗ, ಮುಖ ಪರಿಚಯವಿಲ್ಲದ ಆ ಜನರ ಮೇಲೆ ಗೌರವ ಮೂಡಿತು.

ಎಷ್ಟು ತಡವಾದರೆ ಮನುಷ್ಯರಿಗೆ ತಡ ಅನಿಸುತ್ತದೆ ಎನ್ನುವುದನ್ನೂ ತಿಳಿದಿರು. 1968ರಲ್ಲೇ ರಾಬರ್ಟ್ ಮಿಲ್ಲರ್ ಇದನ್ನು ಕುರಿತು ಬರೆದಿದ್ದರು. 1993ರ ತಮ್ಮ ಪುಸ್ತಕದಲ್ಲಿ ಜೇಕಬ್ ನೀಲ್ಸನ್ ಮೂರು ಗಡಿಗಳನ್ನು ಹೇಳಿದರು. ಸೆಕೆಂಡಿನ ಹತ್ತನೆಯ ಒಂದು ಭಾಗದೊಳಗೆ ಉತ್ತರ ಬಂದರೆ ಒತ್ತಿದ್ದಕ್ಕೆ ಆಯಿತು ಅನಿಸುತ್ತದೆ. ಒಂದು ಸೆಕೆಂಡಿನವರೆಗೆ ತಡ ಗೊತ್ತಾದರೂ ಯೋಚನೆಯ ಎಳೆ ಕಡಿಯುವುದಿಲ್ಲ. ಹತ್ತು ಸೆಕೆಂಡು ದಾಟಿದರೆ ಗಮನ ಬೇರೆ ಕಡೆ ಹೋಗುತ್ತದೆ. ವಿಂಡೋಸ್ ಐದು ಸೆಕೆಂಡು ನೋಡಿ ಆ ಪ್ರೋಗ್ರಾಮ್ ಪ್ರತಿಕ್ರಿಯಿಸುತ್ತಿಲ್ಲ ಎಂದು ಬರೆಯುತ್ತದೆ. ನಿನ್ನ ಪುಸ್ತಕ ಅರ್ಧ ಗಂಟೆ ತೆಗೆದುಕೊಳ್ಳಲಿ, ಯಾರಿಗೂ ಬೇಸರವಿಲ್ಲ. ‘ಶುರು’ ಒತ್ತಿದ ಬೆರಳಿಗೆ ಮಾತ್ರ ಆ ಹತ್ತನೆಯ ಒಂದು ಭಾಗದೊಳಗೆ ಉತ್ತರ ಸಿಗಬೇಕು. ಬಟನ್ ಮಂಕಾಗಿ, ಅದರ ಜಾಗದಲ್ಲಿ ‘ನಿಲ್ಲಿಸು’ ಬಂದು, 1ನೆಯ ಪುಟ ಓದುತ್ತಿದ್ದೇನೆ ಎಂದರೆ ಸಾಕು.

ಒಂದು ಪರೀಕ್ಷೆ ಮಾಡಿ ನೋಡು. ವಿಂಡೋದ ಮೂಲೆಯಲ್ಲಿ ತಿರುಗುವ ಚಕ್ರ ಇಡು, ಜಿಟಿಕೆಯಲ್ಲಿ ಸ್ಪಿನ್ನರ್ ಎಂದು ಸಿಗುತ್ತದೆ. ಕೆಲಸ ನಡೆಯುವಾಗ ಅದನ್ನೇ ದಿಟ್ಟಿಸು. ಎಲ್ಲಿ ಅದು ಒಂದು ಗಳಿಗೆ ತಡವರಿಸಿತೋ ಅಲ್ಲಿ ನಿನ್ನ ಯಾವುದೋ ಕಾಲ್‌ಬ್ಯಾಕ್ ತನ್ನ ಪಾಲಿಗಿಂತ ಹೆಚ್ಚು ಹೊತ್ತು ಕೂತಿದೆ. ಪ್ರತಿ ಕಾಲ್‌ಬ್ಯಾಕಿನ ಶುರುವಿನಲ್ಲೂ ಕೊನೆಯಲ್ಲೂ ಗಡಿಯಾರ ನೋಡಿ, 10 ಮಿಲಿಸೆಕೆಂಡು ದಾಟಿದವುಗಳ ಹೆಸರು ಬರೆಸಿಕೋ. ಪ್ರೋಗ್ರಾಮ್ ಬರೆಯುತ್ತಿದ್ದಷ್ಟು ಕಾಲವೂ ನಾನು ಹೀಗೇ ಮಾಡುತ್ತಿದ್ದೆ. ಪರೀಕ್ಷೆಗೆ ನಿನ್ನ ಹೊಸ ಲ್ಯಾಪ್‌ಟಾಪ್ ಸಾಲದು. ನಿಮ್ಮಪ್ಪನ ಹಳೆಯದು ಅಟ್ಟದ ಮೇಲಿದೆಯಲ್ಲ, ಅದನ್ನು ಇಳಿಸಿ ಅದರಲ್ಲಿ ಓಡಿಸು. ಡೈರಿಯಲ್ಲಿದ್ದದ್ದು ಅಂಥದ್ದೇ.

ಬರುವ ಭಾನುವಾರ ಬರುತ್ತೀಯಲ್ಲ, ಪುಸ್ತಕವನ್ನೂ ಹಿಡಿದು ಬಾ. ಒಬ್ಬಟ್ಟು ಮಾಡಿರುತ್ತೇನೆ. 47ನೆಯ ಪುಟದ ಅಂಚಿನಲ್ಲಿ ನಿನ್ನಜ್ಜ ಪೆನ್ಸಿಲ್‌ನಲ್ಲಿ ಏನೋ ಗೀಚಿದ್ದಾರೆ, ಟೆಸೆರಾಕ್ಟ್‌ಗೆ ಅದು ತಿಳಿಯುವುದಿಲ್ಲ. ಬಾರ್ 47ನೆಯ ಪುಟಕ್ಕೆ ಬಂದಾಗ ‘ನಿಲ್ಲಿಸು’ ಒತ್ತೋಣ. ಆ ಸಾಲನ್ನು ನಾನು ಓದಿ ಹೇಳುತ್ತೇನೆ, ನೀನು ಟೈಪ್ ಮಾಡು.